ನಡೆಸಿ ತರುವುದೋ, ಹೊರಿಸಿ ತರುವುದೋ?

ಐದು ಜನರಿರುವ ಸಂಸಾರಕ್ಕೆ ಇಬ್ಬರೇ ಕುಳಿತುಕೊಳ್ಳಬಹುದಾದ ಕಾರನ್ನು ಕೊಂಡು ತರುವವನನ್ನು ಲೋಕವು ಏನೆಂದು ಕರೆಯುತ್ತದೆಂಬುದನ್ನು ವಾಚಕರೇ ಊಹಿಸಿಕೊಳ್ಳಲಿ. ನನ್ನ ಮಗ ಅಂಥದೊಂದು ಕಾರನ್ನು ಕೊಂಡ. ಮುಂಬಯಿಯಲ್ಲಿ ನಾಲ್ಕು ವರ್ಷ ದುಡಿದು, ಬೆಂಗಳೂರಿನಲ್ಲಿ ಹೊಸ ಕೆಲಸ ದೊರೆತು, ಊರಿಗೆ ಹಿಂದಿರುಗುವ ತಿಂಗಳಿನಲ್ಲಿಯೇ ಈ ಸಾಹಸ. 2023ರ ಡಿಸೆಂಬರ್ ತಿಂಗಳ ಒಂದು ರಾತ್ರಿ ಅವನು ದೂರವಾಣಿಯಲ್ಲಿ ಸುದ್ದಿ ತಿಳಿಸಿದಾಗ ನಾನು ಕೇಳಿದ ಮೊದಲ ಪ್ರಶ್ನೆ ಬೆಲೆಯದಲ್ಲ.

“ಅದನ್ನು ಇಲ್ಲಿಗೆ ಹೇಗೆ ತರ್ತೀಯೆ?”

“ಓಡಿಸಿಕೊಂಡು ಬರ್ತೀನಪ್ಪಾ.”

“ಲಾರಿಯ ಮೇಲೆ ಹಾಕಿಸು,” ಎಂದೆ. ಅತ್ತ ಕಡೆಯಿಂದ ಬಹಳ ಹೊತ್ತು ಮಾತು ಬರಲಿಲ್ಲ.

ಈ ಮೌನಕ್ಕೊಂದು ಪೂರ್ವಕಥೆಯುಂಟು. ನಾನು ಸಾರಿಗೆ ಬಸ್ಸುಗಳ ಕಾರ್ಯಾಗಾರದಲ್ಲಿ ಮೂವತ್ತನಾಲ್ಕು ವರ್ಷ ಕೆಲಸ ಮಾಡಿ ನಿವೃತ್ತನಾದವನು. ಹೆದ್ದಾರಿಯಿಂದ ನಜ್ಜುಗುಜ್ಜಾಗಿ ಬಂದ ವಾಹನಗಳನ್ನು ಎಷ್ಟು ಕಂಡಿರುವೆನೋ ಲೆಕ್ಕವಿಲ್ಲ. ಮಗ ಹತ್ತೊಂಬತ್ತು ವರ್ಷದವನಾಗಿದ್ದಾಗ ನಮ್ಮ ಮನೆಯ ಹಳೆಯ ಕಾರನ್ನು ಒಂದು ಸಂಜೆ ತುಮಕೂರು ರಸ್ತೆಯ ವಿಭಜಕಕ್ಕೆ ಗುದ್ದಿಸಿದ್ದ. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಅಂದಿನಿಂದ ಎಂಟು ವರ್ಷಗಳ ಕಾಲ ನಾನು ಕಾರಿನ ಕೀಲಿಕೈಯನ್ನು ಅವನಿಗೆ ಕೊಟ್ಟವನಲ್ಲ, ಅವನೂ ಕೇಳಿದವನಲ್ಲ.

“ನೀವೇ ಹೋಗಿ ನೋಡಿ ಬನ್ನಿ,” ಎಂದಳು ನನ್ನ ಶ್ರೀಮತಿ. “ನೋಡದೆ ಇಲ್ಲಿಂದಲೇ ತೀರ್ಪು ಕೊಡಬೇಡಿ. ಆದರೆ ಸ್ಟೀರಿಂಗ್ ಮುಟ್ಟಕೂಡದು.” ಬಲಗಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಗಿ ನನಗೆ ಮೂರು ವಾರವಷ್ಟೇ ಕಳೆದಿತ್ತು, ವಾಹನ ನಡೆಸಲು ವೈದ್ಯರು ಇನ್ನೂ ಒಪ್ಪಿಗೆ ಕೊಟ್ಟಿರಲಿಲ್ಲ. ಹೀಗೆ ರೈಲು ಹತ್ತಿ ಮುಂಬಯಿಗೆ ಹೊರಟೆ.

ಮಾಟುಂಗಾದ ಒಂದು ಹಳೆಯ ಕಟ್ಟಡದ ಅಂಗಳದಲ್ಲಿ ಹೊದಿಕೆಯನ್ನು ಸರಿಸಿದಾಗ ಕಂಡದ್ದು ‘ಸ್ಯಾನ್ ಸ್ಟಾರ್ಮ್’. ಈ ಹೆಸರನ್ನು ಮರೆತವರೇ ಹೆಚ್ಚು. ಬೆಂಗಳೂರಿನ ಸ್ಯಾನ್ ಮೋಟಾರ್ಸ್ ಸಂಸ್ಥೆಯವರು ತೊಂಬತ್ತರ ದಶಕದ ಕೊನೆಯಲ್ಲಿ ಹೊರತಂದ, ಭಾರತದಲ್ಲಿಯೇ ತಯಾರಾದ ಪುಟ್ಟ ಸ್ಪೋರ್ಟ್ಸ್ ಕಾರು ಅದು. ಕಾರ್ಖಾನೆ ಗೋವೆಯಲ್ಲಿತ್ತು. ಹೊರಮೈ ತಗಡಿನದಲ್ಲ, ಫೈಬರ್ ಗ್ಲಾಸಿನದು. ಎಂಜಿನ್ ಫ್ರಾನ್ಸಿನ ರೆನೋ ಕಂಪನಿಯದು, 1.2 ಲೀಟರಿನದು, ಮೇಲ್ಛಾವಣಿ ಮಡಿಸಿಡಬಹುದಾದ ಬಟ್ಟೆಯದು. ಹೆಚ್ಚು ಸಂಖ್ಯೆಯಲ್ಲಿ ಅದು ಮಾರಾಟವಾಗಲಿಲ್ಲ. ಗೋವೆಯಲ್ಲಿ ಹುಟ್ಟಿ, ಮುಂಬಯಿಯಲ್ಲಿ ಬೆಳೆದು, ಈಗ ಬೆಂಗಳೂರಿಗೆ ಹೊರಟು ನಿಂತಿದ್ದ ಅದನ್ನು ನೋಡಿ, ನಮ್ಮ ಊರಿನ ಹೆಸರು ಹೊತ್ತ ಕೂಸಲ್ಲವೇ ಎಂಬ ಅಕ್ಕರೆ ನನಗೂ ಮೂಡಿತೆಂಬುದನ್ನು ಮುಚ್ಚಿಡಲಾರೆ. ಆದರೆ ಅಕ್ಕರೆ ಬೇರೆ, 980 ಕಿಲೋಮೀಟರ್ ಹೆದ್ದಾರಿ ಬೇರೆ.

ಮೊದಲು ಲಾರಿಯ ಪಕ್ಷವನ್ನೇ ಪರೀಕ್ಷಿಸೋಣವೆಂದು ಇಬ್ಬರೂ ನವಿಮುಂಬಯಿಯ ಕಳಂಬೋಲಿಗೆ ಹೋದೆವು. ಉಕ್ಕಿನ ಸುರುಳಿಗಳನ್ನು ಹೊತ್ತ ಲಾರಿಗಳು ಸಾಲುಸಾಲಾಗಿ ನಿಲ್ಲುವ ಊರು ಅದು. ಕಾರು ಸಾಗಿಸುವ ಒಂದು ಕಚೇರಿಯವರು 14,000 ರೂಪಾಯಿ ಬಾಡಿಗೆ ಹೇಳಿದರು. ಆರರಿಂದ ಎಂಟು ದಿನಗಳಲ್ಲಿ ತಲುಪೀತೆಂದರು. ಬೆಲೆ ನ್ಯಾಯವಾಗಿಯೇ ಇತ್ತು. ಅಲ್ಲಿದ್ದ ವಯಸ್ಸಾದ ಕೆಲಸಗಾರನೊಬ್ಬ ಕಾರಿನ ಚಿತ್ರವನ್ನು ನೋಡಿ, ತನ್ನ ಗೇಣಿನಿಂದ ಗಾಳಿಯಲ್ಲಿಯೇ ಅದರ ಮೂತಿಯ ಎತ್ತರವನ್ನು ಅಳೆದು ತೋರಿಸಿದ. ಲಾರಿಗೆ ಹತ್ತಿಸುವ ಇಳಿಜಾರು ಹಲಗೆ ಸಾಧಾರಣ ಕಾರುಗಳಿಗೆ ಸರಿ. ಇಷ್ಟು ತಗ್ಗಾದ ಕಾರಿನ ಗದ್ದ ಮೊದಲು ತಗಲುವುದು ಅದಕ್ಕೇ. ಅಡಿಯಲ್ಲಿ ಮರದ ದಿಮ್ಮಿಗಳನ್ನು ಜೋಡಿಸಿ ಬೆರಳಷ್ಟು ಬೆರಳಷ್ಟೇ ಏರಿಸಬೇಕು. ಕಟ್ಟುವಾಗ ಪಟ್ಟಿಯನ್ನು ಚಕ್ರಕ್ಕೆ ಬಿಗಿಯಬೇಕೇ ಹೊರತು ಮೈಮೇಲೆ ಹಾಯಿಸಕೂಡದು. ತಗಡು ನೆಗ್ಗುತ್ತದೆ, ಫೈಬರ್ ಸೀಳುತ್ತದೆ. “ನಾನು ಹತ್ತಿಸಿದರೆ ನಾನು ಜವಾಬ್ದಾರ. ದಾರಿಯಲ್ಲಿ ಬೇರೆ ಲಾರಿಗೆ ಬದಲಾಯಿಸುವಲ್ಲಿ ಯಾರು ಇಳಿಸುತ್ತಾರೋ ನಾನು ಹೇಳಲಾರೆ, ಸಾಹೇಬ್,” ಎಂದ ಆ ಪ್ರಾಮಾಣಿಕ.

ಕಾಯಿದೆಯ ಮಾತನ್ನೂ ವಾಚಕರ ಉಪಯೋಗಕ್ಕಾಗಿ ಇಲ್ಲಿ ಹೇಳಿಬಿಡುತ್ತೇನೆ. 2007ರ ರಸ್ತೆ ಸಾಗಾಣಿಕೆ ಕಾಯಿದೆ ಮತ್ತು ಅದರ 2011ರ ನಿಯಮಗಳ ಪ್ರಕಾರ, ಹೆಚ್ಚಿನ ಹೊಣೆಯನ್ನು ಬರೆಯಿಸಿಕೊಳ್ಳದಿದ್ದಲ್ಲಿ ಸಾಗಿಸುವವನ ಹೊಣೆ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ. ಅಂದರೆ ನಮಗೆ ಹೆಚ್ಚೆಂದರೆ 1,40,000 ರೂಪಾಯಿ. ಕಾರಿನ ಬೆಲೆಯೋ ಅದರ ಮೂರರಷ್ಟು. ಆದ್ದರಿಂದ ಲಾರಿಯಲ್ಲಿ ಕಳುಹಿಸುವವರು ಸಾಗಾಣಿಕೆಯ ವಿಮೆಯನ್ನು ಪ್ರತ್ಯೇಕವಾಗಿ ಮಾಡಿಸಿ, ಹತ್ತಿಸುವ ಮೊದಲು ಎಲ್ಲ ಮಗ್ಗುಲುಗಳ ಭಾವಚಿತ್ರ ತೆಗೆದಿಟ್ಟುಕೊಳ್ಳುವುದು ವಿವೇಕ.

ಓಡಿಸಿಕೊಂಡು ಬರುವವರ ಪಾಡೂ ಸುಗಮವೇನಲ್ಲ. ಹಳೆಯ ಮಾಲೀಕನ ವಿಮೆಯಲ್ಲಿ ಪರರಿಗಾಗುವ ಹಾನಿಯ ಭಾಗ ಕಾರಿನೊಡನೆಯೇ ಬರುತ್ತದೆ. ಸ್ವಂತ ಕಾರಿಗಾಗುವ ಹಾನಿಯ ಭಾಗ ತಾನಾಗಿ ಬರುವುದಿಲ್ಲ. ಹದಿನಾಲ್ಕು ದಿನಗಳೊಳಗೆ ಅರ್ಜಿ ಹಾಕಿ ಹೆಸರು ಬದಲಾಯಿಸಿಕೊಳ್ಳಬೇಕು. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ಐದು ವರ್ಷಕ್ಕೊಮ್ಮೆ ನವೀಕರಣವಾಗಿರಬೇಕು. ಬೇರೆ ರಾಜ್ಯಕ್ಕೆ ಒಯ್ಯುವುದಾದರೆ ನಮೂನೆ 28ರ ನಿರಾಕ್ಷೇಪಣಾ ಪತ್ರ ಬೇಕು. ಹನ್ನೆರಡು ತಿಂಗಳು ಮೀರಿ ಅಲ್ಲಿಯೇ ಇಡುವುದಾದರೆ ಹೊಸ ನೋಂದಣಿ ಸಂಖ್ಯೆ ಪಡೆಯಬೇಕು. ಮಗ ಒಂದು ಕಡತವನ್ನು ನನ್ನ ಮುಂದಿಟ್ಟ. ಈ ಕಾಗದಗಳಷ್ಟೂ ಅನುಕ್ರಮವಾಗಿ ಅದರಲ್ಲಿದ್ದವು. ನಾನು ಕನ್ನಡಕವನ್ನು ಒರೆಸಿ ಎರಡು ಸಲ ತಿರುವಿ ನೋಡಿದೆ. ತಪ್ಪು ಸಿಕ್ಕಲಿಲ್ಲ.

ಖರ್ಚಿನ ತಕ್ಕಡಿಯೂ ಯಾವ ಕಡೆಗೂ ವಾಲಲಿಲ್ಲ. ಪೆಟ್ರೋಲು 75 ಲೀಟರು, ಸುಮಾರು 8,000 ರೂಪಾಯಿ. ಸುಂಕ, ಊಟ, ಎರಡು ರಾತ್ರಿಯ ವಸತಿ ಸೇರಿದರೆ ಲಾರಿಯ ಬಾಡಿಗೆಯ ಆಸುಪಾಸಿಗೇ ಬರುತ್ತಿತ್ತು. ಹಣವು ತೀರ್ಮಾನಿಸದಿದ್ದ ಮೇಲೆ ಕಾರೇ ತೀರ್ಮಾನಿಸಬೇಕಷ್ಟೆ. ಅಂಗಳದಲ್ಲಿ ಗೋಣಿ ಹಾಸಿ ಕುಳಿತೆ.

ಟೈರಿನ ಪಕ್ಕೆಯಲ್ಲಿ ಅಂಡಾಕಾರದೊಳಗೆ ನಾಲ್ಕು ಅಂಕಿಗಳಿರುತ್ತವೆ: ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ನಮ್ಮದರಲ್ಲಿ 1113 ಎಂದಿತ್ತು. ಅಂದರೆ 2013ರ ಹನ್ನೊಂದನೆಯ ವಾರ. ತೋಡುಗಳೆಲ್ಲ ಹೊಸದರಂತೆ ಆಳವಾಗಿಯೇ ಇದ್ದವು. ಆದರೆ ನಿಂತಲ್ಲಿಯೇ ನಿಂತ ರಬ್ಬರು ಒಳಗಿಂದೊಳಗೇ ಗಟ್ಟಿಯಾಗಿ ಬಿರಿಯುತ್ತದೆ. ಅದನ್ನು ನಂಬಿ ಹೊರಟಿದ್ದರೆ ನಾನು ಹೆದರಿದ್ದು ನಿಜವಾಗುತ್ತಿತ್ತು. “ಐದೂ ಟೈರು, ರೇಡಿಯೇಟರಿನ ರಬ್ಬರ್ ಕೊಳವೆ, ಬೆಲ್ಟು, ಬ್ರೇಕಿನ ಎಣ್ಣೆ,” ಎಂದು ಪಟ್ಟಿ ಹೇಳಿದೆ.

“ಟೈರು ಕೊಳವೆ ಮೊನ್ನೆಯೇ ಹೇಳಿಟ್ಟಿದ್ದೀನಿ, ನಾಳೆ ಬರ್ತವೆ,” ಎಂದ ಮಗ. “ಹಳೇ ಟೈರಲ್ಲಿ ಹೊರಡೋದಿಲ್ಲ ಅಂತ ಆಗಲೇ ನಿಶ್ಚಯ ಮಾಡಿದ್ದೆ. ಹೇಳೋದಕ್ಕೆ ನೀವು ಅವಕಾಶ ಕೊಡಲಿಲ್ಲ.”

ಹೊಸ ಟೈರು ಹಾಕಿಸಿ, ಠಾಣೆಯವರೆಗೆ ಹೋಗಿ ಬಂದು, ಎಂಜಿನ್ ಬಿಸಿಯಿರುವಾಗಲೇ ಕೆಳಗೆ ಕಾಗದ ಹಾಸಿ ಒಂದು ರಾತ್ರಿ ಬಿಟ್ಟೆವು. ಬೆಳಗ್ಗೆ ಕಾಗದದ ಮೇಲೆ ಒಂದು ತೊಟ್ಟೂ ಇರಲಿಲ್ಲ. “ಹಗಲಿನಲ್ಲಿ ಮಾತ್ರ. ಮೂರು ದಿನ. ನಾನು ಪಕ್ಕದಲ್ಲಿ ಕೂರ್ತೇನೆ,” ಎಂದೆ. ಅವನು ಏನೂ ಹೇಳದೆ ನನ್ನ ಚೀಲವನ್ನು ಎತ್ತಿಕೊಂಡ.

ಮರುದಿನ ಬೆಳಕು ಹರಿಯುತ್ತಿದ್ದಂತೆ ವಾಶಿಯ ಖಾರಿಯ ಸೇತುವೆಯನ್ನು ದಾಟಿ ಪುಣೆಯ ದ್ರುತಮಾರ್ಗವನ್ನು ಸೇರಿದೆವು. 2002ರಲ್ಲಿ ಪೂರ್ಣಗೊಂಡ, 94.5 ಕಿಲೋಮೀಟರ್ ಉದ್ದದ ಕಾಂಕ್ರೀಟು ರಸ್ತೆ. ಖಂಡಾಳದ ಘಟ್ಟದಲ್ಲಿ ನನಗೊಂದು ಹೊಸ ಅನುಭವವಾಯಿತು. ಬಸ್ಸಿನ ಎತ್ತರದಿಂದ ಲೋಕವನ್ನು ಕಂಡ ನನಗೆ ಇಲ್ಲಿ ಲಾರಿಯ ಚಕ್ರದ ನಟ್ಟುಗಳು ಕಣ್ಣಿನ ಮಟ್ಟದಲ್ಲಿ ತಿರುಗುತ್ತಿದ್ದವು! ಲಾರಿಯ ಚಾಲಕನಿಗೆ ನಾವು ಕಾಣುತ್ತೇವೆಯೋ ಇಲ್ಲವೋ ಎಂಬುದೇ ಅನುಮಾನ. ನನ್ನ ಬಲಗಾಲು ಇಲ್ಲದ ಬ್ರೇಕನ್ನು ಮತ್ತೆ ಮತ್ತೆ ಒತ್ತುತ್ತಿತ್ತು. ಮಗ ಅದನ್ನು ಕಂಡೂ ಕಾಣದವನಂತೆ, ಲಾರಿಗಳ ಪಕ್ಕದಲ್ಲಿ ತಂಗದೆ, ಒಂದೋ ಹಿಂದೆ ಉಳಿದು ಇಲ್ಲವೇ ಪೂರ್ತಿ ಮುಂದೆ ಸಾಗಿ ನಡೆಸುತ್ತಿದ್ದ. ಇದನ್ನು ಅವನಿಗೆ ಯಾರು ಕಲಿಸಿದರೋ ತಿಳಿಯದು, ನಾನಂತೂ ಕಲಿಸಿರಲಿಲ್ಲ.

ಪುಣೆಯನ್ನು ದಾಟಿ ಖಂಬಾಟಕಿ ಘಟ್ಟವನ್ನೇರಿ ಸಾತಾರೆಯ ಬಯಲಿಗಿಳಿದ ಮೇಲೆ ಕಬ್ಬಿನ ನಾಡು. ಟ್ರ್ಯಾಕ್ಟರುಗಳು ಎರಡೆರಡು ಗಾಡಿಗಳನ್ನು ಕಟ್ಟಿಕೊಂಡು ಸಕ್ಕರೆ ಕಾರ್ಖಾನೆಗಳ ಕಡೆಗೆ ತೂಗುತ್ತ ಸಾಗುತ್ತಿದ್ದವು. ಕರಾಡದಲ್ಲಿ ಕೃಷ್ಣೆಯೂ ಕೊಯ್ನೆಯೂ ಎದುರುಬದುರಾಗಿ ಬಂದು ಕೂಡುತ್ತವೆ. ಆ ಸ್ಥಳವನ್ನು ಜನರು ಪ್ರೀತಿಸಂಗಮವೆನ್ನುತ್ತಾರೆ. ಅಲ್ಲಿಂದ ಮುಂದೆ ರಸ್ತೆಯನ್ನು ಆರು ಪಥಕ್ಕೆ ಅಗಲಿಸುವ ಕಾಮಗಾರಿ ನಡೆದಿತ್ತು. ದಾರಿ ತಿರುಗಿಸಿದ ಕಡೆಯಲ್ಲೆಲ್ಲ ಉಬ್ಬುಗಳು. ತಗ್ಗು ಕಾರನ್ನು ಉಬ್ಬಿಗೆ ನೇರವಾಗಿ ಒಯ್ಯಬಾರದು. ಓರೆಯಾಗಿ, ಒಂದೊಂದೇ ಚಕ್ರವನ್ನು ಹತ್ತಿಸಿ ಇಳಿಸಬೇಕು. ಹಿಂದಿನವರು ಹಾರನ್ ಬಾರಿಸಿದರೂ ಅವನು ಅವಸರ ಮಾಡಲಿಲ್ಲ.

ಕೊಲ್ಲಾಪುರಕ್ಕೆ ಇನ್ನೂ ಕೆಲವು ಮೈಲಿಗಳಿರುವಾಗ ನಮ್ಮ ಮುಂದಿದ್ದ ಒಂದು ಲಾರಿ, ಯಾವ ಸೂಚನೆಯೂ ಇಲ್ಲದೆ ನಮ್ಮ ಸಾಲಿಗೆ ತಿರುಗಿತು. ನಾನು ಕೂಗಲು ಬಾಯಿ ತೆರೆದೆನೋ ಇಲ್ಲವೋ, ಕಾರು ಅಲುಗದೆ ನಿಂತಿತ್ತು. ಲಾರಿಗೂ ನಮಗೂ ನಡುವೆ ಎರಡು ಮಾರು ಉಳಿದಿತ್ತು. ಅವನು ಮೊದಲೇ ಅಷ್ಟು ಅಂತರವನ್ನು ಬಿಟ್ಟುಕೊಂಡೇ ಬಂದಿದ್ದ. ಅಲ್ಲಿಂದ ಊರು ಸೇರುವವರೆಗೆ ಇಬ್ಬರೂ ಮಾತನಾಡಲಿಲ್ಲ. ರಂಕಾಳ ಕೆರೆಯ ದಂಡೆಯಲ್ಲಿ ಚಹ ಕುಡಿಯುವಾಗ ಅವನ ಕೈಯ ಲೋಟ ಸಣ್ಣಗೆ ನಡುಗುತ್ತಿದ್ದುದನ್ನು ಕಂಡೆ. ನನ್ನ ಲೋಟವೂ ನಡುಗುತ್ತಿತ್ತು.

“ಅವತ್ತು ತುಮಕೂರು ರಸ್ತೇಲಿ ನಾಯಿಮರಿ ಅಡ್ಡ ಬಂತಪ್ಪಾ,” ಎಂದ ಮಗ, ಕೆರೆಯ ಕಡೆಗೆ ನೋಡುತ್ತ. “ನೀವು ಕೇಳಲೇ ಇಲ್ಲ.”

ಎಂಟು ವರ್ಷ ನಾನು ಕೇಳಿರಲಿಲ್ಲ. ಕಾರ್ಯಾಗಾರದಲ್ಲಿ ಪ್ರತಿಯೊಬ್ಬ ಚಾಲಕನ ಹೇಳಿಕೆಯನ್ನೂ ಬರೆಯಿಸಿಕೊಂಡ ಮೇಲೆಯೇ ವರದಿ ಬರೆಯುತ್ತಿದ್ದವನು ನಾನು.

ಎರಡನೆಯ ದಿನ ಕಾಗಲ್ ದಾಟಿ, ದೂಧಗಂಗೆಯನ್ನು ಹಾಯ್ದು, ಕೊಗನೊಳ್ಳಿಯ ಸುಂಕದ ಕಟ್ಟೆಯಲ್ಲಿ ಕನ್ನಡ ಫಲಕವನ್ನು ಕಂಡಾಗ ಮೇಲ್ಛಾವಣಿಯನ್ನು ಮಡಿಸಿದೆವು. ನಿಪ್ಪಾಣಿಯ ತಂಬಾಕಿನ ಘಾಟು, ಸಂಕೇಶ್ವರದ ಕಬ್ಬಿನ ಹಾಲಿನ ಕಂಪು, ಡಿಸೆಂಬರಿನ ತೆಳುಬಿಸಿಲು, ಇವೆಲ್ಲವೂ ಮುಚ್ಚಿದ ಕಾರಿನಲ್ಲಿ ದೊರೆಯುವ ವಸ್ತುಗಳಲ್ಲ. ಬೆಳಗಾವಿಯಲ್ಲಿ ಕುಂದಾ ಕಟ್ಟಿಸಿಕೊಂಡು, 2012ರಲ್ಲಿ ಉದ್ಘಾಟನೆಯಾದ ಸುವರ್ಣ ವಿಧಾನಸೌಧವನ್ನು ದಾರಿಯ ಬದಿಯಿಂದಲೇ ನೋಡಿ ಮುಂದೆ ಸಾಗಿದೆವು. ಕಿತ್ತೂರಿನ ಬಳಿ ಚಹಕ್ಕೆ ನಿಂತಾಗ ಶಾಲೆಯ ಹುಡುಗರು ಕಾರನ್ನು ಮುತ್ತಿದರು. “ಅಜ್ಜಾರ, ಇದು ಯಾವ ದೇಶದ್ದ್ರೀ?” ಎಂದು ಒಬ್ಬ ಕೇಳಿದ. “ನಮ್ಮದೇ ದೇಶದ್ದು, ತಮ್ಮಾ,” ಎಂದು ಹೇಳುವಾಗ ನನ್ನ ದನಿಯಲ್ಲಿ ಮಾಲೀಕನ ಠೀವಿಯಿತ್ತೆಂದು ಮಗ ಆಮೇಲೆ ನಕ್ಕ. ಧಾರವಾಡದ ಪೇಢೆಯೂ ಚೀಲ ಸೇರಿತು. ಹಾವೇರಿ, ರಾಣೆಬೆನ್ನೂರುಗಳನ್ನು ದಾಟಿ, ಹರಿಹರದಲ್ಲಿ ತುಂಗಭದ್ರೆಯ ಮೇಲೆ ಸಂಜೆಯ ಕೆಂಪನ್ನು ಕಂಡು, ಕತ್ತಲಾಗುವ ಮೊದಲೇ ದಾವಣಗೆರೆಯನ್ನು ಸೇರಿದೆವು.

ಮೂರನೆಯ ಬೆಳಗ್ಗೆ ಬೆಣ್ಣೆದೋಸೆ ತಿಂದು ಹೊರಟವರಿಗೆ ಚಿತ್ರದುರ್ಗದ ಬೆಟ್ಟಗಳ ಮೇಲೆ ಗಾಳಿಯಂತ್ರಗಳು ಸ್ವಾಗತ ನೀಡಿದವು. ಹಿರಿಯೂರಿನ ಆಚೆ ಒಂದು ಹೋಟೆಲಿನ ಮುಂದೆ ಕಾರುಗಳನ್ನು ಹೊತ್ತ ಉದ್ದನೆಯ ಲಾರಿಯೊಂದು ನಿಂತಿತ್ತು. ಎಂಟು ಕಾರುಗಳೂ ಧೂಳು ಮುಚ್ಚಿಕೊಂಡು, ಚಕ್ರಗಳಿಗೆ ಪಟ್ಟಿ ಬಿಗಿಸಿಕೊಂಡು, ಪೆಟ್ಟಿಲ್ಲದೆ ಕ್ಷೇಮವಾಗಿಯೇ ಇದ್ದವು. ಹೊಣೆಗಾರನಾದ ಚಾಲಕ ಪ್ರತಿಯೊಂದು ಪಟ್ಟಿಯನ್ನೂ ಎಳೆದು ನೋಡುತ್ತಿದ್ದ. ಅಲ್ಲಿಗೂ ನಮ್ಮ ಕಾರು ನಿರಾತಂಕವಾಗಿ ಬಂದು ಸೇರಬಹುದಾಗಿತ್ತೆಂಬುದನ್ನು ಒಪ್ಪಿಕೊಳ್ಳುವುದು ನ್ಯಾಯ. ಸಮಯವಿಲ್ಲದವರು, ಒಂಟಿಯಾಗಿ ಬರಬೇಕಾದವರು, ಕಾರಿನ ರಬ್ಬರಿನ ವಯಸ್ಸನ್ನು ಅರಿಯದವರು ಲಾರಿಯನ್ನೇ ನಂಬಲಿ ಎಂಬುದು ಇಂದಿಗೂ ನನ್ನ ಸಲಹೆ.

ತುಮಕೂರು ದಾಟಿದ ಮೇಲೆ, ಎಂಟು ವರ್ಷದ ಹಿಂದಿನ ಆ ವಿಭಜಕದ ಬಳಿ ಬಂದಾಗ ಮಗ ವೇಗವನ್ನು ತಗ್ಗಿಸಿದ. ನಾನು ಅದರ ಕಡೆಗೆ ನೋಡಲಿಲ್ಲ. ಹೊರಗೆ ಹಲಸಿನ ಮರಗಳಿದ್ದವು, ಅವನ್ನು ನೋಡಿದೆ.

ಮಲ್ಲೇಶ್ವರದ ನಮ್ಮ ಮನೆಯ ಗೇಟಿನಲ್ಲಿ ನನ್ನ ತಾಯಿ, ಶ್ರೀಮತಿ, ಮಗಳು ಮೂವರೂ ಕಾದು ನಿಂತಿದ್ದರು. ಕಾರು ನಿಂತೊಡನೆ ಶ್ರೀಮತಿ ಮೊದಲು ನನ್ನ ಕಣ್ಣನ್ನು, ಆಮೇಲೆ ಮಗನ ಮುಖವನ್ನು, ಕೊನೆಗೆ ಕಾರನ್ನು ನೋಡಿದಳು. ನಾನು ಇಳಿದು ಬಾಗಿಲು ಹಿಡಿದು ನಿಂತೆ. “ಕೂತ್ಕೊ. ಒಂದು ಸುತ್ತು ಹೋಗಿ ಬನ್ನಿ,” ಎಂದೆ.

“ಅವನು ಓಡಿಸ್ತಾನಾ?”

“ಅವನೇ.”

ಇಬ್ಬರೂ ಸಂಪಿಗೆ ರಸ್ತೆಯ ಕಡೆಗೆ ಹೊರಟರು. ಎರಡು ಚೀಲಗಳು, ಪೇಢೆ, ಕುಂದಾ, ಒಂದು ಹಳೆಯ ಸ್ಟೆಪ್ನಿ, ಇಷ್ಟನ್ನೂ ಒಳಗೆ ಹೊತ್ತು ತರುವ ಕೆಲಸ ಮಾತ್ರ ನನ್ನ ಪಾಲಿಗೆ ಬಂತು.