ಅರೆವೈದ್ಯಕೀಯ ವಿದ್ಯಾರ್ಥಿಗಳೂ ಶಾಸ್ತ್ರಲೇಖನವೂ

ಹಳ್ಳಿಯ ನಾಟಿವೈದ್ಯರಲ್ಲಿ ಒಂದು ನಂಬಿಕೆ ಬಹುಕಾಲದಿಂದ ಬೇರೂರಿದೆ. ಮದ್ದಿನ ಹೆಸರನ್ನು ಹೊರಗೆ ಹೇಳಿದರೆ ಅದರ ಗುಣ ಕೆಡುತ್ತದೆಂಬುದೇ ಆ ನಂಬಿಕೆ. ತಂದೆಯು ಮಗನ ಕಿವಿಯಲ್ಲಿ, ಅದೂ ತನ್ನ ಕೊನೆಗಾಲದಲ್ಲಿ, ಉಸುರಿ ಹೋಗುತ್ತಿದ್ದ ವಿದ್ಯೆ ಅದು. ಹೇಳಿಸಿಕೊಳ್ಳುವವರಿಲ್ಲದಿದ್ದರೆ ಬಲ್ಲವನೊಡನೆಯೇ ಅದೂ ಮಣ್ಣುಗೂಡುತ್ತಿತ್ತು. ಹೀಗೆ ಎಷ್ಟು ತಲೆಮಾರುಗಳ ಅನುಭವ ಅಳಿದುಹೋಯಿತೆಂಬುದಕ್ಕೆ ಲೆಕ್ಕವಿಟ್ಟವರಿಲ್ಲ. ಇಂದು ಪ್ರಯೋಗಶಾಲೆಯಲ್ಲಿ ನಿಂತು ಕಲಿಯುವ ತರುಣ ತರುಣಿಯರಿಗೆ ಆ ನಂಬಿಕೆಯಿಲ್ಲ, ನಿಜ. ಆದರೆ ಅವರು ಕಂಡುದೂ ಬರಹಕ್ಕಿಳಿಯದೆ ಅವರೊಡನೆಯೇ ಉಳಿಯುವುದಾದರೆ, ಫಲದಲ್ಲಿ ಇವೆರಡಕ್ಕೂ ಭೇದವೆಲ್ಲಿ?

ಕನ್ನಡದ ವೈದ್ಯಸಾಹಿತ್ಯವು ಈ ಗುಟ್ಟಿನ ಮಾರ್ಗವನ್ನು ಹಿಡಿದುದಲ್ಲ. 12ನೆಯ ಶತಮಾನದಲ್ಲಿಯೇ ಕೀರ್ತಿವರ್ಮನು ದನಕರುಗಳ ಚಿಕಿತ್ಸೆಯನ್ನು ಕುರಿತು ‘ಗೋವೈದ್ಯ’ವನ್ನು ಬರೆದನು. ಅದೇ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ‘ಕಲ್ಯಾಣಕಾರಕ’ವನ್ನು ಕನ್ನಡಕ್ಕೆ ತಂದನು. ವಿಜಯನಗರದ ಆದಿಕಾಲದಲ್ಲಿ, 14ನೆಯ ಶತಮಾನದಲ್ಲಿ, ಮಂಗರಾಜನು ವಿಷಚಿಕಿತ್ಸೆಗೇ ಮೀಸಲಾದ ‘ಖಗೇಂದ್ರಮಣಿದರ್ಪಣ’ವನ್ನು ರಚಿಸಿದನು. ಶರಣರ ಗಣದಲ್ಲಿ ವೈದ್ಯ ಸಂಗಣ್ಣನು ತನ್ನ ಕಾಯಕದ ಪರಿಭಾಷೆಯನ್ನೇ ವಚನದ ನುಡಿಯಾಗಿಸಿದನು. ಕಾಯಕದಲ್ಲಿ ದೊರೆತ ಅನುಭವವು ಬರಹಕ್ಕೆ ತಕ್ಕುದೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕಿಲ್ಲ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದು ತಾಲ್ಲೂಕುಗಳು 2021ರಲ್ಲಿ ರೂಪುಗೊಂಡ ವಿಜಯನಗರ ಜಿಲ್ಲೆಗೆ ಸೇರಿವೆ. ಇಲ್ಲಿನ ರೈತರ, ಕೂಲಿಕಾರರ, ಸಣ್ಣ ವ್ಯಾಪಾರಿಗಳ ಮಕ್ಕಳು ರಕ್ತಪರೀಕ್ಷೆ, ಕ್ಷ-ಕಿರಣ ಚಿತ್ರಣ, ಶಸ್ತ್ರಚಿಕಿತ್ಸಾಲಯದ ನೆರವು ಮೊದಲಾದ ವಿದ್ಯೆಗಳನ್ನು ಕಲಿಯಲು ಹೊರಡುತ್ತಾರೆ. ವೈದ್ಯಾಧಿಕಾರಿಗಳು ವರ್ಗವಾಗಿ ಬರುತ್ತಾರೆ, ವರ್ಗವಾಗಿ ಹೋಗುತ್ತಾರೆ. ಈ ಮಕ್ಕಳಾದರೋ ಈ ನೆಲದವರು. ಯಾವ ಊರಿನ ಕೊಳವೆಬಾವಿ ಎಷ್ಟು ಆಳ, ಯಾವ ತಾಂಡಾದವರು ಯಾವ ತಿಂಗಳಲ್ಲಿ ಗುಳೆ ಹೋಗುತ್ತಾರೆ, ಯಾವ ಕಾಯಿಲೆಗೆ ಜನ ಯಾವ ಹೆಸರಿಟ್ಟು ಕರೆಯುತ್ತಾರೆ ಎಂಬುದು ಇವರಿಗೆ ತಿಳಿದಿರುವಷ್ಟು ಹೊರಗಿನವರಿಗೆ ತಿಳಿಯದು.

ಇದಕ್ಕೊಂದು ನಿದರ್ಶನವನ್ನು ನೋಡಬಹುದು. 1937ರಲ್ಲಿ ಶಾರ್ಟ್, ಪಂಡಿತ್, ರಾಘವಾಚಾರಿ ಎಂಬ ಮೂವರು ನೆಲ್ಲೂರು ಜಿಲ್ಲೆಯ ಹಳ್ಳಿಗರಲ್ಲಿ ಕಂಡ ಫ್ಲೋರೋಸಿಸ್ ರೋಗವನ್ನು ಕುರಿತು ‘ಇಂಡಿಯನ್ ಮೆಡಿಕಲ್ ಗೆಜೆಟ್’ ಪತ್ರಿಕೆಯಲ್ಲಿ ಲೇಖನ ಪ್ರಕಟಿಸಿದರು. ಕುಡಿಯುವ ನೀರಿನ ಫ್ಲೋರೈಡ್ ಎಲುಬನ್ನು ಸೆಡೆಸಿ ಮನುಷ್ಯನನ್ನು ಬಾಗಿಸುತ್ತದೆಂಬುದು ಅಂತಹ ಬರಹಗಳಿಂದ ಲೋಕಕ್ಕೆ ತಿಳಿಯಿತು. ಆಗ ನೆಲ್ಲೂರೂ ಬಳ್ಳಾರಿಯೂ ಒಂದೇ ಮದ್ರಾಸು ಪ್ರಾಂತಕ್ಕೆ ಸೇರಿದ್ದವು. ಬಳ್ಳಾರಿ ಸೀಮೆ ಮೈಸೂರು ರಾಜ್ಯಕ್ಕೆ ಬಂದುದು 1953ರಲ್ಲಿ. ಪ್ರಾಂತಗಳ ಗೆರೆ ಬದಲಾಯಿತೇ ಹೊರತು ನೆಲದಡಿಯ ನೀರು ಬದಲಾಗಲಿಲ್ಲ. ಈ ಸೀಮೆಯ ಮಕ್ಕಳ ಹಲ್ಲಿನ ಮೇಲಿನ ಕಂದು ಕಲೆಯೂ, ಹಿರಿಯರ ಬಗ್ಗಲಾರದ ಬೆನ್ನೂ ಅದೇ ಕಥೆಯನ್ನು ಹೇಳುತ್ತವೆ. ಒಂದು ಲೀಟರು ನೀರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಮನ್ನು ಮೀರಬಾರದು, ಬೇರೆ ನೀರೇ ಇಲ್ಲದಲ್ಲಿ 1.5ನ್ನು ಮೀರಲೇಬಾರದು ಎಂಬುದು ಭಾರತೀಯ ಮಾನಕ. ನೀರನ್ನು ಪರೀಕ್ಷಿಸುವವರು ಒಬ್ಬರು, ಎಲುಬಿನ ಚಿತ್ರ ತೆಗೆಯುವವರು ಇನ್ನೊಬ್ಬರು. ಇಬ್ಬರೂ ಈ ವಿದ್ಯೆಯವರೇ. ಒಂದು ಹೋಬಳಿಯ ಬಾವಿಗಳ ಆಳ, ನೀರಿನ ಅಳತೆ, ಅಲ್ಲಿನ ಶಾಲಾಮಕ್ಕಳ ಹಲ್ಲಿನ ಸ್ಥಿತಿ ಇಷ್ಟನ್ನೇ ಒಂದು ವರ್ಷ ಶ್ರದ್ಧೆಯಿಂದ ಬರೆದು ಪ್ರಕಟಿಸಿದರೆ, ಶುದ್ಧ ನೀರನ್ನು ಬೇಡುವ ಊರಿಗೆ ಅದೇ ಸಾಕ್ಷ್ಯಪತ್ರವಾಗುತ್ತದೆ.

ಕೆಳಗಿನ ಹಂತದವರ ದಾಖಲೆಯ ಬಲವನ್ನು ಈ ದೇಶ ಕಂಡಿದೆ. ಮೆಟ್ಟಿಲುಬಾವಿಯ ನೀರಿನಿಂದ ಹರಡುತ್ತಿದ್ದ ನಾರುಹುಣ್ಣು ಕರ್ನಾಟಕವೂ ಸೇರಿ ಹಲವು ರಾಜ್ಯಗಳನ್ನು ಪೀಡಿಸುತ್ತಿತ್ತು. ಆರೋಗ್ಯ ಕಾರ್ಯಕರ್ತರು ಊರೂರು ಅಲೆದು ರೋಗಿಗಳನ್ನು ಹುಡುಕಿ ಬರೆದಿಟ್ಟುದರಿಂದ ಅದರ ಬೆನ್ನಟ್ಟುವುದು ಸಾಧ್ಯವಾಯಿತು. 1996ರಲ್ಲಿ ಕಡೆಯ ರೋಗಿ ಕಂಡುಬಂದ ಮೇಲೆ, 2000ದಲ್ಲಿ ಭಾರತವು ಆ ರೋಗದಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು.

ಆದರೆ ಕೈ ದುಡಿದರೂ ಹೆಸರು ಮರೆಯಾಗುವುದುಂಟು. ಸೊಳ್ಳೆಯಿಂದ ಮಲೇರಿಯ ಹರಡುವುದನ್ನು ಕಂಡುಹಿಡಿದ ರೊನಾಲ್ಡ್ ರಾಸ್ 1902ರಲ್ಲಿ ನೊಬೆಲ್ ಪಾರಿತೋಷಕ ಪಡೆದರೆಂಬುದು ಶಾಲೆಯ ಹುಡುಗರಿಗೂ ಗೊತ್ತು. 1898ರಲ್ಲಿ ಕಲ್ಕತ್ತೆಯ ಪ್ರಯೋಗಶಾಲೆಯಲ್ಲಿ ಅವರಿಗೆ ನೆರವಾದ ಕಿಶೋರಿ ಮೋಹನ ಬಂದ್ಯೋಪಾಧ್ಯಾಯರನ್ನು ಬಲ್ಲವರು ವಿರಳ. ಲೋಕವು ನೆನೆಯುವುದು ಲೇಖನದ ತಲೆಯಲ್ಲಿ ಅಚ್ಚಾದ ಹೆಸರನ್ನು. ಆದುದರಿಂದ ದುಡಿದ ವಿದ್ಯಾರ್ಥಿಯ ಹೆಸರನ್ನು ಲೇಖನದಲ್ಲಿ ಸೇರಿಸುವುದು ಗುರುವಿನ ಔದಾರ್ಯವಲ್ಲ, ಧರ್ಮ.

ಬರೆಯುವ ಕ್ರಮವೂ ಮುಖ್ಯ. ಮೈಲಾರದಲ್ಲಿ ಗೊರವಯ್ಯನು ಬಿಲ್ಲನ್ನೇರಿ ನುಡಿಯುವ ಒಂದೇ ಮಾತಿನ ಕಾರಣಿಕವನ್ನು ಕೇಳಲು ಜನಸಾಗರ ನೆರೆಯುತ್ತದೆ. ಅದನ್ನು ರೈತನು ಮಳೆಗೆ ಹೊಂದಿಸಿಕೊಳ್ಳುತ್ತಾನೆ, ರಾಜಕಾರಣಿ ಗದ್ದುಗೆಗೆ ಹೊಂದಿಸಿಕೊಳ್ಳುತ್ತಾನೆ. ಶಾಸ್ತ್ರಲೇಖನಕ್ಕೆ ಅಂತಹ ಸ್ವಾತಂತ್ರ್ಯವಿಲ್ಲ. ಓದಿದ ಹತ್ತು ಜನರಿಗೂ ಒಂದೇ ಅರ್ಥವಾಗಬೇಕು. ಎಷ್ಟು ಜನರನ್ನು ನೋಡಿದುದು, ಯಾವ ಉಪಕರಣದಿಂದ ಅಳೆದುದು, ಎಲ್ಲಿ ಎಡವಟ್ಟಾದುದು ಎಲ್ಲವನ್ನೂ ಮುಚ್ಚಿಡದೆ ಹೇಳಬೇಕು. ರೋಗಿಯ ಹೆಸರು ಗುರುತುಗಳು ಮಾತ್ರ ಹೊರಬೀಳಬಾರದು. ಅವರ ಒಪ್ಪಿಗೆಯೂ ಸಂಸ್ಥೆಯ ನೈತಿಕ ಸಮಿತಿಯ ಅನುಮತಿಯೂ ಇರಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2017ರಲ್ಲಿ ಹೊರಡಿಸಿದ ಮಾರ್ಗಸೂಚಿ ಇದನ್ನು ವಿವರಿಸುತ್ತದೆ. ಪರಿಶೀಲನೆಯಿಲ್ಲದೆ, ಹಣ ಪಡೆದು ಕಳುಹಿಸಿದುದನ್ನೆಲ್ಲ ಅಚ್ಚುಹಾಕುವ ಪತ್ರಿಕೆಗಳೂ ಇಂದು ಹೆಚ್ಚಿವೆ. ಅಲ್ಲಿ ಅಚ್ಚಾದ ಲೇಖನ ಗೋಡೆಗೆ ಕಟ್ಟಿದ ತೋರಣ. ಅದರಿಂದ ನೆರಳೂ ಇಲ್ಲ, ಹಣ್ಣೂ ಇಲ್ಲ.

ಹೊರನಾಡಿನ ವಿದ್ವಾಂಸರು ಓದಲೆಂದು ಇಂಗ್ಲಿಷಿನಲ್ಲಿ ಬರೆಯುವುದು ಸರಿಯೇ. ಆದರೆ ಯಾರ ರಕ್ತವನ್ನು ಪರೀಕ್ಷಿಸಿ ಆ ಸತ್ಯ ದೊರೆಯಿತೋ ಅವರಿಗೆ ಅದು ಕನ್ನಡದಲ್ಲಿ ಮರಳಬೇಕು. ರಕ್ತದೊತ್ತಡ, ಕ್ಷ-ಕಿರಣ ಎಂಬ ಮಾತುಗಳು ಇಂದು ಕನ್ನಡಿಗರ ಬಾಯಲ್ಲಿ ಸಲೀಸಾಗಿರುವುದು ಹಿಂದಿನವರು ಧೈರ್ಯವಾಗಿ ಬರೆದುದರಿಂದ.

ಈ ಕಾರ್ಯಕ್ಕೆ ದೊಡ್ಡ ಬಂಡವಾಳ ಬೇಡ. ಅಧ್ಯಾಪಕರು ವಿದ್ಯಾರ್ಥಿಯ ಮೊದಲ ಕರಡನ್ನು ನಗದೆ ತಿದ್ದಲಿ. ಆಸ್ಪತ್ರೆಗಳಲ್ಲಿ ದುಡಿಯುತ್ತಿರುವ ಹಳೆಯ ವಿದ್ಯಾರ್ಥಿಗಳು ಒಬ್ಬೊಬ್ಬ ಕಿರಿಯನಿಗೆ ದಾರಿ ತೋರಲಿ. ದಾನಿಗಳು ಕಟ್ಟಡದ ಕಲ್ಲಿಗೆ ಕೊಡುವುದರ ಜೊತೆಗೆ, ಗ್ರಂಥಾಲಯಕ್ಕೆ ಎರಡು ಒಳ್ಳೆಯ ಪತ್ರಿಕೆಗಳನ್ನೂ, ನೀರು ಪರೀಕ್ಷಿಸುವ ಒಂದು ಉಪಕರಣವನ್ನೂ ಕೊಡಲಿ. ಕಲ್ಲಿನ ಮೇಲಿನ ಹೆಸರನ್ನು ಬಂದವರು ಓದುತ್ತಾರೆ. ಅಂತಹ ದಾನದಿಂದ ಹುಟ್ಟಿದ ಲೇಖನ ಒಂದು ಊರಿನ ಮಕ್ಕಳ ಎಲುಬನ್ನು ನೆಟ್ಟಗೆ ನಿಲ್ಲಿಸೀತು.