640 ಮೀಟರ್ ಬೆಳಕು

ಆಷಾಢದ ಮಳೆ ನಾಲ್ಕು ದಿನದಿಂದ ಹಿಡಿದ ಪಟ್ಟು ಬಿಟ್ಟಿರಲಿಲ್ಲ. ಮರುದಿನ ಬೆಳಿಗ್ಗೆ ಹತ್ತಕ್ಕೆ ಮಗಳ ನೌಕರಿಯ ಸಂದರ್ಶನ, ಆನ್‌ಲೈನಿನಲ್ಲಿ. ಸಿದ್ದಾಪುರದ ಕಾಡಂಚಿನ ನಮ್ಮ ಮನೆಯಲ್ಲಿ ಮೊಬೈಲ್ ಸಿಗ್ನಲ್ಲಿಲ್ಲ. ಅದಕ್ಕೇ ಇಂಟರ್ನೆಟ್ ಕೇಬಲ್ ಎಳೆಸಬೇಕಿತ್ತು. ರಸ್ತೆಯ ಕಂಬದಿಂದ ಮನೆಗೆ 640 ಮೀಟರ್. ನಡುವೆ ಅಡಕೆ ತೋಟ, ತೋಟದಾಚೆ ಹಳ್ಳ. ಹಳ್ಳ ಉಕ್ಕಿ ಸಂಕದ ಮೇಲೆ ಹರಿಯುತ್ತಿತ್ತು.

ಲೈನಿನ ಹುಡುಗ ಆಚೆ ದಡಕ್ಕೆ ಬಂದು ನಿಂತ. ಹೆಗಲಲ್ಲಿ ಕೇಬಲ್ ಸುರುಳಿ, ಬೆನ್ನಿಗೆ ಎಳೆ ಬೆಸೆಯುವ ಸ್ಪ್ಲೈಸಿಂಗ್ ಯಂತ್ರ, ಉಂಬಳ ಹತ್ತದಂತೆ ಕಾಲಿಗೆ ಸುಣ್ಣ. ನೀರು ನೋಡಿದ. ಕೂಗಿದ: 'ದೋಟಿ ಇದ್ಯಾ ಹೆಗಡೇರೆ?'

ಇತ್ತು. ಕೊನೆ ಕೊಯ್ಯುವ ಉದ್ದನೆಯ ದೋಟಿ. ತುದಿಗೆ ಹಗ್ಗ ಬಿಗಿದು ಚಾಚಿದೆ. ಗಾಳಿ ಬಾಗಿಸಿತು. ಎರಡು ಸಲ ತಪ್ಪಿತು. ಮೂರನೇ ಸಲ ಹಗ್ಗ ಅವನ ಕೈಗೆ ಸಿಕ್ಕಿತು. ಅದೇ ಗಳಿಗೆ ನನ್ನ ಕಾಲಡಿಯ ಧರೆ ಜಾರಿತು.

ಹಲಸಿನ ಬೇರು ಹಿಡಿದೆ. ಸೊಂಟದವರೆಗೆ ಕೆಂಪು ನೀರು. ಹಗ್ಗ ಮಾತ್ರ ಬಿಡಲಿಲ್ಲ. ಅವನೂ ಅದನ್ನೇ ಹಿಡಿದು ಸಂಕ ದಾಟಿ ಬಂದ, ಕೇಬಲ್ಲನ್ನೂ ಎಳೆದು ತಂದ.

ಮರದಿಂದ ಮರಕ್ಕೆ ಎಳೆದೆವು. ಕಪ್ಪು ಹೊದಿಕೆಯೊಳಗಿನ ಗಾಜಿನ ಎಳೆಯ ದಪ್ಪ 125 ಮೈಕ್ರಾನ್, ಹೆಚ್ಚುಕಡಿಮೆ ತಲೆಗೂದಲಿನಷ್ಟು. ಬೆಳಕು ಓಡುವುದು ಅದರ ನಡುವಿನ 9 ಮೈಕ್ರಾನ್ ತಿರುಳಿನಲ್ಲಿ. ಚೂಪಾಗಿ ಬಾಗಿದರೆ ಸಾಕು, ಬೆಳಕು ಸೋರಿಹೋಗುತ್ತದೆ.

ಜಗಲಿ ಮುಟ್ಟಿದಾಗ ಸಂಜೆ ಐದೂವರೆ. ಎರಚಲಿಗೆ ಕಂಬಳಿ ಅಡ್ಡ ಹಿಡಿದೆ. ಹುಡುಗ ಎಳೆಯ ಸಿಪ್ಪೆ ಸುಲಿದ, ಸ್ಪಿರಿಟ್ಟಿನಿಂದ ಒರೆಸಿದ, ತುದಿ ಕತ್ತರಿಸಿದ. ಹನಿ ಬಿದ್ದರೆ ಮತ್ತೆ ಮೊದಲಿಂದ. ಬೀಳಲಿಲ್ಲ. ಕಿಡಿ ಹಾರಿತು, ಗಾಜು ಕರಗಿ ಮನೆಯೊಳಕ್ಕೆ ಹೋಗುವ ಹಳದಿ ತಂತಿಯ ಗಾಜಿಗೆ ಬೆಸೆಯಿತು. ಆ ತಂತಿಯ ಒಳತುದಿಗೆ ಮೀಟರ್ ಹಿಡಿದ. ಮುಖ ಬಿಗಿಯಿತು.

ಬೆಳಕಿನ ಬಲ ಮೈನಸ್ 29 ಡಿಬಿಎಂ. ಮೈನಸ್ 27ಕ್ಕಿಂತ ಕ್ಷೀಣವಾದ ಬೆಳಕನ್ನು ರೂಟರ್ ಪೆಟ್ಟಿಗೆ ಹಿಡಿದೀತೆಂಬ ಭರವಸೆಯಿಲ್ಲ. ಆದರೂ ಚುಚ್ಚಿದೆವು. ಸಿಗ್ನಲ್ ಇಲ್ಲವೆಂದು ಸಾರುವ ರೂಟರಿನ ಎಲ್‌ಒಎಸ್ ದೀಪ ಕೆಂಪಗೆ ಮಿಟುಕಿತು.

ಕಿಲೋಮೀಟರಿಗೆ ಅರ್ಧ ಡೆಸಿಬೆಲ್ಲೂ ಕರಗದ ಎಳೆಯಿದು. ಇಷ್ಟು ಬೆಳಕು ಎಲ್ಲಿ ಹೋಯಿತು? ಹುಡುಗ ಲೇಸರ್ ಪೆನ್ ತೆಗೆದು ತುದಿಗೆ ಸಿಕ್ಕಿಸಿದ. 'ತಂತಿ ನೋಡಿ, ತುದಿ ನೋಡ್ಬೇಡಿ.' ಕತ್ತಲ ಕೋಣೆಯಲ್ಲಿ ಕಿಟಕಿಯ ಚೌಕಟ್ಟಿನ ಸಂದಿಯೊಂದು ಕೆಂಡದಂತೆ ಹೊಳೆಯಿತು. ಕಿಟಕಿ ಬಾಗಿಲೆಡೆ ಸಿಕ್ಕಿ ಹಳದಿ ತಂತಿ ಮಡಚಿತ್ತು! ಬಿಡಿಸಿದೆವು. ಮೈನಸ್ 21. ಹಸಿರು ದೀಪ ಮಿಟುಕಿತು, ನಿಂತಿತು, ಉರಿಯಿತು.

ಕರೆಂಟು ಹೋಯಿತು.

ಎಲ್ಲಿಯೋ ಮರ ಲೈನಿನ ಮೇಲೆ ಬಿದ್ದಿತ್ತು. ಮನೆಯ ಇನ್ವರ್ಟರ್ ಸತ್ತು ವಾರವಾಗಿತ್ತು. ಗಾಜಿನೆಳೆಗೆ ದಾರಿಯುದ್ದಕ್ಕೂ ಕರೆಂಟು ಬೇಡ, ಎರಡು ತುದಿಯಲ್ಲಿದ್ದರೆ ಸಾಕು. ಅತ್ತ ಎಕ್ಸ್‌ಚೇಂಜಿನಲ್ಲಿ ಬ್ಯಾಟರಿ ಇದೆ. ಇತ್ತ?

ರೂಟರಿನ ಬೆನ್ನು ನೋಡಿದೆ: 12 ವೋಲ್ಟ್. ಕೊಟ್ಟಿಗೆಯಲ್ಲಿ ಜೀಪು, ಅದರ ಬ್ಯಾಟರಿಯೂ 12 ವೋಲ್ಟ್. ಬ್ಯಾಟರಿಯನ್ನು ಒಳಗೆ ತಂದು, ಹಳೆಯ ಅಡಾಪ್ಟರಿನ ವಯರ್ ಕತ್ತರಿಸಿ ಅದಕ್ಕೆ ಸುತ್ತಿದೆ. ಪಿನ್ ರೂಟರಿಗೆ ಇನ್ನೇನು ತಾಗಬೇಕು, ಹುಡುಗ ಕೈ ಹಿಡಿದ. 'ಪ್ಲಸ್ ಯಾವ್ದು ನೋಡಿದ್ರಾ?'

ನೋಡಿರಲಿಲ್ಲ. ಮಲ್ಟಿಮೀಟರ್ ಇಟ್ಟ. ತಿರುಗುಮುರುಗು! ಚುಚ್ಚಿದ್ದರೆ ಪೆಟ್ಟಿಗೆ ಸುಟ್ಟೇಹೋಗುತ್ತಿತ್ತೋ ಏನೋ. ವಯರ್ ಬದಲಿಸಿದೆವು. ದೀಪಗಳು ಒಂದೊಂದಾಗಿ ಎದ್ದವು.

ಫೋನಿನಲ್ಲಿ ರೂಟರಿನ ವಿಳಾಸ 192.168.1.1 ಒತ್ತಿದೆ. ಮಳೆಗೆ ಮಸಿ ಕಲಸಿದ ಚೀಟಿಯಲ್ಲಿ ಪಾಸ್‌ವರ್ಡಿನ ಕೊನೆಯದು ಸೊನ್ನೆಯೋ ಇಂಗ್ಲಿಷಿನ 'ಓ' ಅಕ್ಷರವೋ ತಿಳಿಯದು. ಅಕ್ಷರ ಹೊಡೆದೆ: ತಪ್ಪು. ಸೊನ್ನೆ ಹೊಡೆದೆ. ತೆರೆಯಿತು. ಪೆಟ್ಟಿಗೆಗೆ ಅಂಟಿಸಿದ್ದ ವೈಫೈ ಪಾಸ್‌ವರ್ಡ್ ಮೊದಲು ಬದಲಿಸಿದೆ. ವೈಫೈಯ 5 ಗಿಗಾಹರ್ಟ್ಸ್ ಅಲೆ ನಮ್ಮ ಎರಡಡಿ ಮಣ್ಣಿನ ಗೋಡೆ ದಾಟಲಾರದೆ ಸೋತಿತು. 2.4 ದಾಟಿತು.

ಹುಡುಗ ಜಗಲಿಯಲ್ಲೇ ಮಲಗಿದ. ರಾತ್ರಿಯಿಡೀ ಮಳೆ.

ಬೆಳಿಗ್ಗೆ ಹತ್ತಕ್ಕೆ ಮಗಳು ಕೋಣೆಯ ಬಾಗಿಲು ಹಾಕಿಕೊಂಡಳು. ಸಂದರ್ಶನ 35 ನಿಮಿಷ ನಡೆಯಿತು, ಒಮ್ಮೆಯೂ ಕಡಿಯಲಿಲ್ಲ. ಕರೆಂಟು ಬಂದದ್ದು ಮೂರನೇ ದಿನ.