ಮರಳಿನಲ್ಲಿ ಎರಡು ಮಕ್ಕಳು

ಕಡಲ ತಡಿಯ ಮರಳಿನಲ್ಲಿ ಎರಡು ಮಕ್ಕಳು ಕುಳಿತಿವೆ. ಮುಂದಿನದು ದುಂಡು ಕೆನ್ನೆಯ ಮಗು. ನೀಲಿಯ ಅಂಗಿ, ಮೇಲೊಂದು ಬಿಳಿಯ ಉಡುಪು, ಕಾಲಿಗೆ ಕರಿಯ ಬೂಟು. ಒಂದು ಕೈ ಬಕೆಟ್ಟನ್ನು ಹಿಡಿದಿದೆ. ಇನ್ನೊಂದರಲ್ಲಿ ತನ್ನ ಅಳತೆಗೆ ಮೀರಿದ, ಉದ್ದ ಹಿಡಿಯ ಸಲಿಕೆ. ಹಿಂದಿನ ಮಗುವಿನ ಮುಖವನ್ನು ಹುಲ್ಲಿನ ಟೋಪಿ ಮರೆಮಾಡಿದೆ.

ಇವು ಒಂದನ್ನೊಂದು ನೋಡುತ್ತಿಲ್ಲ, ನಗುತ್ತಲೂ ಇಲ್ಲ. ಆದರೂ ಇದು ಆಟವೇ. ಆ ವಯಸ್ಸಿನ ಮಕ್ಕಳನ್ನು ಕಂಡವರಿಗೆ ಗೊತ್ತು: ಕೂಡಿ ಆಡುವುದೆಂದರೆ ಹತ್ತಿರ ಕುಳಿತು ತಮ್ಮ ತಮ್ಮ ಕೆಲಸದಲ್ಲಿ ಮುಳುಗಿರುವುದು. ಮಕ್ಕಳನ್ನು ದೇವದೂತರಂತೆ ಸಿಂಗರಿಸಿ ಬರೆದವರು ಎಷ್ಟೋ ಮಂದಿ. ಮೇರಿ ಕಸಾಟ್ ಮಾತ್ರ ಮಗುವಿನ ಏಕಾಗ್ರತೆಯನ್ನೇ ಬರೆದಳು. ಹಿಂದಿನ ಕಡಲು, ದೋಣಿಗಳು ಅವಸರದ ನಾಲ್ಕು ಕುಂಚದ ಗೀಟುಗಳು, ಅಷ್ಟೆ. ಮರಳು ಮಾತ್ರ ಮೇಲಕ್ಕೆ ಓರೆಯಾಗಿ ಎದ್ದಿದೆ. ಮಗುವಿನ ಬಳಿಯೇ ನಿಂತು ಕೆಳಗೆ ನೋಡುವ ಹಿರಿಯರ ಕಣ್ಣಿಗೆ ಕಾಣುವ ಹಾಗೆ.

ಕಸಾಟ್ 1844ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಹುಟ್ಟಿ, ಪ್ಯಾರಿಸ್ಸಿನಲ್ಲಿ ನೆಲೆಸಿದವಳು. 1877ರಲ್ಲಿ ಇಂಪ್ರೆಷನಿಸ್ಟ್ ಕಲಾವಿದರ ಕೂಟಕ್ಕೆ ಅವಳನ್ನು ಕರೆದವನು ದೆಗಾ. 1884ರಲ್ಲಿ ಬರೆದ ಈ ಚಿತ್ರ, 1886ರಲ್ಲಿ ನಡೆದ ಅವರ ಕೊನೆಯ ಪ್ರದರ್ಶನದಲ್ಲಿ ತೂಗಿತು. ಈಗ ಅದು ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ.

ಚಿತ್ರಕ್ಕೆ ಎರಡು ವರ್ಷ ಮೊದಲು, 1882ರಲ್ಲಿ, ಅಕ್ಕ ಲಿಡಿಯ ಬಹುಕಾಲದ ಕಾಯಿಲೆಯಿಂದ ತೀರಿಕೊಂಡಿದ್ದಳು. ಮನೆಯಲ್ಲಿ ಜೊತೆಗಾತಿ, ಎಷ್ಟೋ ಚಿತ್ರಗಳಿಗೆ ಎದುರು ಕುಳಿತವಳು. ಮರಳಿನಲ್ಲಿ ಕುಳಿತ ಈ ಇಬ್ಬರು ಆ ಅಕ್ಕತಂಗಿಯರ ನೆನಪೆಂದು ಹೇಳುವವರಿದ್ದಾರೆ. ಚಿತ್ರ ಅದನ್ನು ಒಪ್ಪುವುದೂ ಇಲ್ಲ, ಅಲ್ಲಗಳೆಯುವುದೂ ಇಲ್ಲ. ಆದರೆ ಟೋಪಿಯ ಕೆಳಗಿನ ಮುಖ ಕಾಣದಿರುವುದನ್ನು ಒಮ್ಮೆ ಗಮನಿಸಿದವರಿಗೆ ಆ ಮಾತನ್ನು ಮರೆಯುವುದು ಕಷ್ಟ.

ಕಸಾಟ್ ಮದುವೆಯಾಗಲಿಲ್ಲ, ಬಾಳೆಲ್ಲ ಬರೆದದ್ದು ಪರರ ಮಕ್ಕಳನ್ನು. ಅದಕ್ಕೆ ಕನಿಕರ ಪಡುವವರು ಈ ಮಗುವಿನ ಪುಟ್ಟ ಕೈಯನ್ನು ನೋಡಬೇಕು. ಸಲಿಕೆ ಜಾರದಂತೆ ಬೆರಳು ಬಿಗಿದ ಆ ಹಿಡಿತವನ್ನು ಹೆತ್ತವರೂ ಎಷ್ಟೋ ಸಲ ಕಾಣುವುದಿಲ್ಲ. ಮುಂದೆ ಕಣ್ಣಿನ ಪೊರೆ ಬಲಿತು, 1915ರ ಹೊತ್ತಿಗೆ ಕುಂಚವನ್ನು ಕೆಳಗಿಡಬೇಕಾಯಿತು. 1926ರಲ್ಲಿ ತೀರಿಕೊಂಡಾಗ ಅವಳಿಗೆ ದೃಷ್ಟಿ ಹೆಚ್ಚುಕಡಮೆ ಇರಲಿಲ್ಲ. ಗ್ಯಾಲರಿಯಲ್ಲಿ ಈ ಮಗುವಿನ ಎದುರು ಜನ ಬಂದು ನಿಲ್ಲುತ್ತಾರೆ, ಹೋಗುತ್ತಾರೆ. ಅದು ತಲೆ ಎತ್ತುವುದಿಲ್ಲ, ಅದಕ್ಕೆ ಕೆಲಸವಿದೆ.